ಸ್ವಿಚ್ ಎಲ್ಲಿರಬೇಕು ಅಂತ ಅಜ್ಜಿನ್ನ ಯಾರೂ ಕೇಳಿರಲಿಲ್ಲ

ಮೊದಲ ವರ್ಷದ ಲ್ಯಾಬಿನಲ್ಲಿ ನಾವೆಲ್ಲ ಸ್ಟೇರ್‌ಕೇಸ್ ವೈರಿಂಗ್ ಮಾಡಿದ್ದೇವೆ. ಮರದ ಹಲಗೆ, ಎರಡು ಟೂ-ವೇ ಸ್ವಿಚ್, ಒಂದು ಬಲ್ಬು. ಕೆಳಗೆ ಹಚ್ಚಿ ಮೇಲೆ ಆರಿಸಬಹುದು. ರೆಕಾರ್ಡಿಗೆ ಸಹಿ ಹಾಕಿಸಿಕೊಂಡ್ವಿ, ವೈವಾದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿದ್ವಿ, ಮುಗೀತು. ಅದೇ ಸೆಮಿಸ್ಟರಿನಲ್ಲಿ ಯರಗುಪ್ಪಿಯ ನಮ್ಮ ಮನೆಯಲ್ಲಿ ಅಜ್ಜಿ ರಾತ್ರಿ ಮೂರು ಗಂಟೆಗೆ ಲೈಟ್ ಹಚ್ಚೋಕೆ ಎದ್ದು ಬಿದ್ದಳು. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್.

ಕುಂದಗೋಳ ತಾಲೂಕಿನ ಕಡೆ ಹಳೇ ಮನೆ ನೋಡಿದವರಿಗೆ ಗೊತ್ತು: ದಪ್ಪ ಮಣ್ಣಿನ ಗೋಡೆ, ಮುಂದೆ ಪಡಸಾಲಿ, ಆಮೇಲೆ ನಡುಮನಿ, ಕಿಟಕಿ ಕಡಿಮೆ. ಹಗಲಲ್ಲೇ ನಡುಮನಿಯಲ್ಲಿ ಕತ್ತಲು. ನಮ್ಮ ಮನೆಗೆ ಕರೆಂಟು ಬಂದಾಗ ತಂತಿ ಮುಂಬಾಗಿಲ ಕಡೆಯಿಂದ ಒಳಗೆ ಬಂತು. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲೋದಿಲ್ಲ ಅಂತ ವೈರಿನ ಪಟ್ಟಿಯನ್ನು ಬಾಗಿಲ ಚೌಕಟ್ಟಿನ ಮರಕ್ಕೆ ಬಡಿದರು. ಸ್ವಿಚ್ಚೂ ಅಲ್ಲೇ, ಬಾಗಿಲ ಹಿಂದೆ. ಬಾಗಿಲು ತೆರೆದಿದ್ದರೆ ಸ್ವಿಚ್ಚು ಕಾಣಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಚೀಲ ಒಟ್ಟಿದರೆ ಕೈಗೂ ಸಿಗಲ್ಲ. ಅಜ್ಜಿಯ ಮಂಚ ಇರೋದು ಎದುರು ಮೂಲೆಯಲ್ಲಿ. ಇಷ್ಟು ವರ್ಷ ಆಕೆ ಗೋಡೆ ಹಿಡಿದು ಎಂಟು ಹೆಜ್ಜೆ ನಡೆದು, ಬಾಗಿಲು ಅರ್ಧ ಮುಚ್ಚಿ, ಆಮೇಲೆ ಬಟನ್ ಒತ್ತುತ್ತಿದ್ದಳು. ಅಂದರೆ ಕತ್ತಲು ದಾಟಿದ ಮೇಲೆ ಬೆಳಕು.

ಇದು ತಪ್ಪು ಅಂತ ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು. ಬಿದ್ದ ಮೇಲೂ ಮನೆಯಲ್ಲಿ ಎಲ್ಲರೂ ಅಂದಿದ್ದು ಒಂದೇ, "ವಯಸ್ಸಾತು, ಸಾವಕಾಶ ಅಡ್ಡಾಡಬೇಕ." ಸ್ವಿಚ್ಚಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಮಗೆ ಸಿಟ್ಟು ಬಂದಿದ್ದು ಇಲ್ಲೇ. ವೈರು ಉಳಿಸೋಕೆ ಯಾರೋ ಒಂದು ಮಧ್ಯಾಹ್ನ ಮಾಡಿದ ತೀರ್ಮಾನ, ಅದರ ಬಾಕಿ ಅಜ್ಜಿಯ ವಯಸ್ಸಿನ ಲೆಕ್ಕಕ್ಕೆ.

ಮೊದಲು ನಾವು ಮಾಡಿದ್ದು ಇಂಜಿನಿಯರಿಂಗ್‌ನವರು ಮಾಡೋದೇ. ಮೊಬೈಲಿನಿಂದ ಹಚ್ಚೋ ಸ್ಮಾರ್ಟ್ ಬಲ್ಬು ತಂದ್ವಿ. ನಾಲ್ಕು ದಿನ ನಡೀತು. ಅಜ್ಜಿ ಅಭ್ಯಾಸದಂತೆ ಮಲಗೋ ಮುಂಚೆ ಗೋಡೆಯ ಸ್ವಿಚ್ಚು ಆರಿಸುತ್ತಿದ್ದಳು, ಅಲ್ಲಿಗೆ ಬಲ್ಬಿಗೆ ಕರೆಂಟೇ ಇಲ್ಲ, ಆ್ಯಪ್ ಏನು ಮಾಡಬೇಕು? ಹಾಗಾದ್ರೆ ರಾತ್ರಿಯಿಡೀ ಸಣ್ಣ ಬಲ್ಬು ಉರೀಲಿ ಅಂದ್ವಿ, ಹೇಗೂ 2023ರಿಂದ ಗೃಹಜ್ಯೋತಿ ಇದೆ. "ಪುಕ್ಕಟೆ ಐತಂತ ಸುಮ್ನ ಉರಸೂದೇನು?" ಅಂದಳು.

ಕೊನೆಗೆ ಲೈಸೆನ್ಸ್ ಇರುವ ಗುತ್ತಿಗೆದಾರರ ಕಡೆಯ ವೈರ್‌ಮನ್ ಅಣ್ಣನ್ನ ಕರೆಸಿದ್ವಿ. "ಲ್ಯಾಬಿನಲ್ಲಿ ಮಾಡೀವಲ್ಲ, ನಾವೇ ಮಾಡೋಣ" ಅನ್ನೋ ಹುಮ್ಮಸ್ಸು ನಮಗೂ ಇತ್ತು. ಆದರೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೂ, ಆಮೇಲೆ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯಲ್ಲೂ ಇದಕ್ಕೆ ಗೆರೆ ಎಳೆದಿದ್ದಾರೆ: ಕೆಟ್ಟ ಸ್ವಿಚ್ಚು, ಬಲ್ಬು, ಫ್ಯೂಸು ಬದಲಾಯಿಸಬಹುದು, ಇರುವ ವೈರಿಂಗ್‌ಗೆ ಸೇರಿಸೋದು, ಬದಲಿಸೋದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ನಮ್ಮ ಡಿಗ್ರಿ ಆ ಲೈಸೆನ್ಸ್ ಅಲ್ಲ. (ಅರ್ಧ ಡಿಗ್ರಿಯಂತೂ ಅಲ್ಲವೇ ಅಲ್ಲ.)

ಕರೆಸಿದ್ದು ಒಳ್ಳೇದಾಯ್ತು. ಅಣ್ಣ ಸ್ವಿಚ್ಚು ಆಫ್ ಮಾಡಿ ಹೋಲ್ಡರಿಗೆ ಟೆಸ್ಟರ್ ಹಚ್ಚಿದರು, ಟೆಸ್ಟರ್ ಉರೀತು! ಹಳೇ ವೈರಿಂಗ್‌ನಲ್ಲಿ ಸ್ವಿಚ್ಚು ಕೂತಿದ್ದು ನ್ಯೂಟ್ರಲ್ ತಂತಿಯ ಮೇಲೆ, ಫೇಸ್ ನೇರವಾಗಿ ಬಲ್ಬಿಗೆ ಹೋಗಿತ್ತು. ಹಾಗಿದ್ದರೂ ಬಲ್ಬು ಸರಿಯಾಗೇ ಹತ್ತುತ್ತೆ, ಆರುತ್ತೆ, ಯಾರಿಗೂ ಅನುಮಾನ ಬರಲ್ಲ. ಆದರೆ ಆರಿದಾಗಲೂ ಹೋಲ್ಡರಿನಲ್ಲಿ 230 ವೋಲ್ಟ್. ಅಪ್ಪ ಇಷ್ಟು ವರ್ಷ ಕಬ್ಬಿಣದ ಏಣಿ ಹತ್ತಿ, "ಸ್ವಿಚ್ ಬಂದ್ ಐತಿ" ಅಂತ ಧೈರ್ಯವಾಗಿ ಬಲ್ಬು ಬದಲಿಸಿದ್ದು ಇದೇ ಹೋಲ್ಡರಿನಲ್ಲಿ. ಅಪ್ಪ ಏನೂ ಮಾತಾಡದೆ ಹೊರಗೆ ಹೋಗಿ ಕಟ್ಟೆ ಮೇಲೆ ಕೂತರು.

ಹೊಸ ಸ್ವಿಚ್ಚು ಎಷ್ಟು ಎತ್ತರಕ್ಕೆ? ಅಣ್ಣ ರೂಢಿಯಂತೆ ತಮ್ಮ ಎದೆಮಟ್ಟಕ್ಕೆ ಗುರುತು ಹಾಕಿದರು. ನಾವು ಅಜ್ಜಿಗೆ ಮಂಚದ ಮೇಲೆ ಮಲಗಿ ಕೈ ಚಾಚೋಕೆ ಹೇಳಿದ್ವಿ. ಆ ಭುಜ ಮೇಲೇಳೋದೇ ಕಡಿಮೆ. ಕೈ ಮುಟ್ಟಿದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ್ವಿ, ನೆಲದಿಂದ ಎರಡೂವರೆ ಅಡಿ.

"ಇಷ್ಟ ಕೆಳಗ ಯಾರ್ ಹಾಕಸ್ತಾರ್ರೀ, ನೋಡಾಕ ಚಂದ ಕಾಣೂದಿಲ್ಲ."

"ಕತ್ತಲದಾಗ ಯಾರಪ್ಪಾ ನೋಡಾವ್ರು?" ಅಂದಳು ಅಜ್ಜಿ.

ಇಂಗ್ಲೆಂಡಿನ ಕಟ್ಟಡ ನಿಯಮಗಳ ಪಾರ್ಟ್ ಎಂ ಮಾರ್ಗದರ್ಶಿ ಹೊಸ ಮನೆಗಳ ಕೋಣೆಗಳಲ್ಲಿ ಸ್ವಿಚ್ಚು, ಸಾಕೆಟ್ಟು ನೆಲದಿಂದ 450ರಿಂದ 1200 ಮಿಲಿಮೀಟರ್ ಒಳಗೆ ಇರಲಿ ಅನ್ನುತ್ತದೆ. ನಮ್ಮ ಸೀಮೆಸುಣ್ಣದ ಗೆರೆ ಸುಮಾರು 760ಕ್ಕೆ ಬರುತ್ತೆ. ಅಜ್ಜಿ ಸರಿಯಾಗೇ ಅಳೆದಿದ್ದಳು.

ಮಣ್ಣಿನ ಗೋಡೆ ಕೊರೆದರೆ ಹೆಂಟೆಗಟ್ಟಲೆ ಉದುರುತ್ತೆ, ಹಾಗಾಗಿ ವೈರನ್ನು ಗೋಡೆಯ ಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ತಂದರು. ಹಳೇ ಸ್ವಿಚ್ಚು ಬಾಗಿಲ ಹಿಂದಿನಿಂದ ಚಿಲಕದ ಕಡೆಗೆ ಬಂತು, ಇನ್ನೊಂದು ಮಂಚದ ಪಕ್ಕ. ಎರಡೂ ಟೂ-ವೇ. ಫೇಸ್ ಮೊದಲನೇ ಸ್ವಿಚ್ಚಿನ ಕಾಮನ್‌ಗೆ, ನಡುವೆ ಎರಡು ಟ್ರಾವೆಲರ್, ಎರಡನೇದರ ಕಾಮನ್‌ನಿಂದ ಬಲ್ಬಿಗೆ. ರೆಕಾರ್ಡಿನಲ್ಲಿ ನಾವು ಬರೆದಿದ್ದ ಅದೇ ಚಿತ್ರ. ಅರ್ಧ ದಿನದ ಕೆಲಸ.

ಈ ರಜೆಗೆ ಊರಿಗೆ ಹೋದಾಗ ನೀವೂ ಒಂದು ರಾತ್ರಿ ಮನೆಯ ಹಿರಿಯರ ಹಾಸಿಗೆಯಿಂದ ಲೈಟ್ ಹಚ್ಚದೆ, ಮೊಬೈಲ್ ಟಾರ್ಚೂ ಇಲ್ಲದೆ, ಬಚ್ಚಲತನಕ ನಡೆದು ನೋಡಿ. ನಾವು ನಡೆದ್ವಿ. ನಡುಮನಿಯದು ಸರಿಯಾಗಿದೆ, ಹಿತ್ತಲ ಲೈಟಿನ ಸ್ವಿಚ್ಚು ಮಾತ್ರ ಇನ್ನೂ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ ಇದೆ. ವೈರ್‌ಮನ್ ಅಣ್ಣ ಯುಗಾದಿ ಆದ ಮೇಲೆ ಬರ್ತೀನಿ ಅಂದಿದ್ದಾರೆ.