ಮೂಸಿ ನದಿ ಹೇಳುವ ಪಾಠ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದು ನಗರದೊಳಕ್ಕೆ ನುಗ್ಗಿತು. ಸಾವಿರಾರು ಜನರು ಅಸುನೀಗಿದರು. ಸಾವಿರಾರು ಮನೆಗಳು ನೆಲಸಮವಾದವು. ನದೀತೀರದ ಒಂದು ಹುಣಿಸೆಯ ಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರೆಂಬುದು ಆ ನಗರದವರು ಮಕ್ಕಳಿಗೆ ಹೇಳುವ ಕಥೆ. ಅದೇ ತೀರದಲ್ಲಿ ಮುಂದೆ ಎದ್ದುನಿಂತ ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡಕ್ಕೆ 2020ರ ಜುಲೈ ತಿಂಗಳಲ್ಲಿ ಮಳೆಯ ನೀರೂ ಚರಂಡಿಯ ನೀರೂ ಹೊಕ್ಕು, ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ನೂರು ವರ್ಷಗಳ ಅಂತರದ ಈ ಎರಡು ಸಂಗತಿಗಳನ್ನು ಜೊತೆಯಾಗಿಟ್ಟು ನೋಡುವ ವಿದ್ಯೆಗೆ ಪರಿಸರದ ಇತಿಹಾಸವೆಂದು ಹೆಸರು.

ಪ್ರವಾಹವಾದ ಮರುವರ್ಷ, 1909ರಲ್ಲಿ, ನಿಜಾಮರ ಸರ್ಕಾರವು ಪರಿಹಾರವನ್ನು ಸೂಚಿಸಲು ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ನಗರವನ್ನಷ್ಟೇ ನೋಡಿ ತೃಪ್ತರಾಗಲಿಲ್ಲ. ನದಿಯ ಜಲಾನಯನ ಪ್ರದೇಶವನ್ನೂ ಮಳೆಯ ಲೆಕ್ಕಗಳನ್ನೂ ಪರಿಶೀಲಿಸಿದರು. ಮೇಲ್ಭಾಗದಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಂದರ ಮೇಲೊಂದರಂತೆ ಒಡೆದು, ಮಳೆಯ ನೀರಿಗೆ ಕೆರೆಯ ನೀರೂ ಕೂಡಿ ಅನಾಹುತವು ಹೆಚ್ಚಿತೆಂಬುದು ಬೆಳಕಿಗೆ ಬಂದಿತು. ನಗರದ ಮೇಲ್ಗಡೆಯೇ ನೆರೆಯನ್ನು ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂಬುದು ಅವರ ಸಲಹೆ. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ನಗರದ ಒಳಚರಂಡಿಯ ಯೋಜನೆಯನ್ನೂ ಅವರೇ ರೂಪಿಸಿದರು. ನೆರೆ, ಕುಡಿಯುವ ನೀರು, ಆರೋಗ್ಯ ಇವು ಬೇರೆ ಬೇರೆ ಇಲಾಖೆಗಳ ವಿಷಯಗಳಲ್ಲ, ಒಂದೇ ವಿಷಯದ ಮೂರು ಮುಖಗಳೆಂಬ ಅರಿವು ಆ ಕೆಲಸದಲ್ಲಿತ್ತು.

ಈ ಜಲಾಶಯಗಳ ಸುತ್ತಲಿನ 10 ಕಿಲೋಮೀಟರ್ ಪ್ರದೇಶದಲ್ಲಿ ಕೈಗಾರಿಕೆ, ದೊಡ್ಡ ಬಡಾವಣೆಗಳು ತಲೆಯೆತ್ತದಂತೆ 1996ರಲ್ಲಿ 111ನೆಯ ಸಂಖ್ಯೆಯ ಸರ್ಕಾರಿ ಆಜ್ಞೆ ಹೊರಟಿತು. 2022ರ ಏಪ್ರಿಲ್‌ನಲ್ಲಿ ಆ ನಿರ್ಬಂಧವನ್ನು ತೆಗೆಯುವ ಮತ್ತೊಂದು ಆಜ್ಞೆ ಬಂದಿತು. ನಗರಕ್ಕೆ ಕೃಷ್ಣಾ, ಗೋದಾವರಿಗಳ ನೀರು ಬರುತ್ತಿರುವುದರಿಂದ ಈ ಕೆರೆಗಳು ಮುಖ್ಯ ಜಲಮೂಲಗಳಾಗಿ ಉಳಿದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಇತಿಹಾಸದ ಉಪಯೋಗವು ಇಲ್ಲಿಯೇ ಸ್ಪಷ್ಟವಾಗುತ್ತದೆ. ಆ ಕೆರೆಗಳನ್ನು ಕಟ್ಟಿದ್ದು ಮೊದಲಿಗೆ ನೆರೆಯನ್ನು ತಡೆಯಲು. ದಾಹವನ್ನು ತಣಿಸಿದ್ದು ಅದರೊಡನೆ ದೊರೆತ ಫಲ. ಕುಡಿಯುವ ನೀರಿಗೆ ಬೇರೆ ನದಿ ದೊರಕೀತು. ಮಳೆಗಾಲದ ಮೂಸಿಗೆ ಬೇರೆ ದಾರಿ ದೊರಕದು. 2020ರ ಅಕ್ಟೋಬರಿನಲ್ಲಿ ಹಳೆಯ ನಗರದ ಬಳಿಯ ಗುರ್ರಂ ಚೆರುವು, ಪಲ್ಲೆ ಚೆರುವುಗಳ ಏರಿಗಳು ಒಡೆದು ತಗ್ಗಿನ ಬಡಾವಣೆಗಳು ಮುಳುಗಿದುದು 1908ರ ಪಾಠದ ಪುನರಾವರ್ತನೆಯೇ ಸರಿ.

ಕಾಲುಶತಮಾನ ತಮ್ಮ ಜಮೀನಿಗೆ ತಕ್ಕ ಬೆಲೆ ದೊರೆಯದೆ ಕಾದ 84 ಹಳ್ಳಿಗಳ ರೈತರ ಅಳಲಿನಲ್ಲಿ ನ್ಯಾಯವಿಲ್ಲವೆಂದು ಯಾರೂ ಹೇಳಲಾರರು. ನಗರದ ಕ್ಷೇಮಕ್ಕಾಗಿ ಅವರು ತೆತ್ತ ಬೆಲೆಗೆ ನಗರವೇ ಪರಿಹಾರ ಕೊಡುವುದು ಧರ್ಮ. ಆದರೆ ಕೆರೆಯ ನೀರು ಹರಿದುಬರುವ ನೆಲವನ್ನೇ ಮಾರಿ ಆ ಋಣವನ್ನು ತೀರಿಸುವುದು ವಿವೇಕವಲ್ಲ.

ಇದು ಹೈದರಾಬಾದಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ಇಕ್ಕಟ್ಟಾಗಿದ್ದ ಮೀಠಿ ನದಿ ತನ್ನ ಹಳೆಯ ಪಾತ್ರವನ್ನು ಹುಡುಕಿಕೊಂಡಿತು. ನೀರು ಇಳಿದ ಮೇಲೆ ಇಲಿಜ್ವರವು ಹಬ್ಬಿತು. 2015ರಲ್ಲಿ ಚೆನ್ನೈ ಮುಳುಗಿತು. ನೆರೆಯ ಹಿಂದೆ ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರ, ಡೆಂಗಿಗಳು ಬರುವುದನ್ನು ವೈದ್ಯರು ಬಲ್ಲರು. ಆದರೆ ಮದ್ದು ಕೊಡುವ ವೈದ್ಯನಿಗೆ ಊರಿನ ನಕ್ಷೆಯನ್ನು ತಿದ್ದುವ ಅಧಿಕಾರವಿಲ್ಲ.

ಹೊಟ್ಟೆಪಾಡಿಗಾಗಿ ಊರುಬಿಟ್ಟು ಮಹಾನಗರಗಳಲ್ಲಿ ನೆಲೆಸಿ, ಜೀವಮಾನದ ಉಳಿತಾಯವನ್ನು ಒಂದು ಮನೆಗೆ ಸುರಿಯುವ ಕನ್ನಡಿಗರಿಗೆ ಈ ವಿಚಾರವು ದೂರದ್ದಲ್ಲ. ಹೊರಗಿನಿಂದ ಬಂದವರಿಗೆ ಆ ನೆಲದ ನೆನಪಿರುವುದಿಲ್ಲ. ಮಾರುವವರು ಅದನ್ನು ಹೇಳುವುದೂ ಇಲ್ಲ. ಆದರೆ ಹೆಸರುಗಳು ಹೇಳುತ್ತವೆ. ತೆಲುಗಿನ ಚೆರುವು ನಮ್ಮ ಕೆರೆ. ಅಲ್ಲಿಯ ಕುಂಟ ನಮ್ಮ ಕುಂಟೆ. ನಮ್ಮಲ್ಲಿ ಕೆರೆಯ ಕಟ್ಟೆಗೆ ಹೇಳುವ ಏರಿ ಎಂಬ ಮಾತು ತಮಿಳಿನಲ್ಲಿ ಕೆರೆಗೇ ಹೆಸರಾಗಿದೆ. ಬಡಾವಣೆಯ ಹೆಸರಿನಲ್ಲಿ ಈ ಪದಗಳು ಕಂಡರೆ ಹಳೆಯ ನಕ್ಷೆಯನ್ನು ತೆಗೆಸಿ ನೋಡುವುದು, ನೆರೆಹೊರೆಯ ಹಿರಿಯರನ್ನು ವಿಚಾರಿಸುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ವರ್ಷಕ್ಕೊಮ್ಮೆ ಹಾರ ಹಾಕುವ ಸಂಘಗಳು, ತಾವಿರುವ ನಗರದ ಕೆರೆಗಳ ಪಟ್ಟಿಯೊಂದನ್ನು ಸದಸ್ಯರ ಕೈಗಿತ್ತರೆ ಅದು ಆ ಹಿರಿಯರಿಗೆ ಸಲ್ಲುವ ಇನ್ನೂ ದೊಡ್ಡ ಗೌರವವಾದೀತು.