ಈ ಒಂದು ಟ್ರಿಪ್ ಆಗಲಿ ಎಂದವರಿಗೆ

ಲಾರಿಯ ಬ್ರೇಕ್ ಲೈನರ್ ಸವೆದಿದ್ದು ನಿಮಗೆ ಗೊತ್ತಿತ್ತು. ಡ್ರೈವರ್ ಹೇಳಿದ್ದ, ಗ್ಯಾರೇಜಿನ ಮೇಸ್ತ್ರಿಯೂ ಹೇಳಿದ್ದ. 'ಈ ಒಂದು ಟ್ರಿಪ್ ಹೊಡ್ಕೊಂಡು ಬಾ, ಆಮೇಲೆ ನೋಡೋಣ' ಎಂದವರು ನೀವೇ. ಎಫ್‌ಸಿ ಎಂಬ ಸುಸ್ಥಿತಿ ಪ್ರಮಾಣಪತ್ರ ಮಾಡಿಸುವ ದಿನ ಇನ್ನೊಂದು ಗಾಡಿಯ ಒಳ್ಳೆಯ ಟೈರ್ ಬಿಚ್ಚಿ ಹಾಕಿ, ಮರುದಿನ ಮತ್ತೆ ಅದೇ ಬೋಳು ಟೈರಿನಲ್ಲಿ ಶಿರಾಡಿ ಘಾಟಿ ಇಳಿಸುತ್ತಾರೆಂಬುದೂ ನಿಮಗೆ ಗೊತ್ತಿತ್ತು. ಮಾಲು ಹೇರಿದವರೇ, ಬಾಡಿಗೆ ಅಗ್ಗವಾಯಿತೆಂದು ಸುಮ್ಮನಾದ ನಿಮಗೂ ಗೊತ್ತಿತ್ತು. ನೀವು ಕೆಟ್ಟವರಲ್ಲ. ಆಯುಧಪೂಜೆಗೆ ಅದೇ ಲಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಯಾರಿಗೂ ಏನೂ ಆಗದಿರಲೆಂದು ಕೈಮುಗಿದವರು. ಅದಕ್ಕೇ ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ.

ಅಪಘಾತವಾದ ಮೇಲೆ ಏನಾಗುತ್ತದೆ, ನೋಡಿ. ದೋಷಾರೋಪಪಟ್ಟಿಯಲ್ಲಿ 'ಅತಿವೇಗ, ಅಜಾಗರೂಕತೆ' ಎಂದು ಬರೆದು ಡ್ರೈವರ್ ಒಬ್ಬನ ಹೆಸರು ಹಾಕಿದರೆ ಮುಗಿಯಿತು. ಮೋಟಾರು ವಾಹನ ನಿರೀಕ್ಷಕರ ವರದಿ ಎಷ್ಟೋ ಪ್ರಕರಣಗಳಲ್ಲಿ ಒಂದೇ ಸಾಲು: ಯಾಂತ್ರಿಕ ದೋಷ ಕಾರಣವಲ್ಲ. ದೋಷವಿರುವ ಗಾಡಿ ಓಡಿಸಲು ಬಿಟ್ಟವರಿಗೂ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ ಶಿಕ್ಷೆಯಿದೆ, ಆದರೆ ಬರೀ ದೋಷಕ್ಕೆ ದಂಡ ಹೆಚ್ಚೆಂದರೆ 1,500 ರೂಪಾಯಿ. ಒಂದು ಟೈರಿನ ಬೆಲೆಯೂ ಅಲ್ಲ!

ಇನ್ನು ಪರಿಹಾರದ ನ್ಯಾಯಮಂಡಳಿ. ಅಲ್ಲಿ, ಅಪಘಾತದಲ್ಲಿ ಸತ್ತವಳ ವಯಸ್ಸು ನೋಡಿ, ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಗುಣಕ ಹಿಡಿದು, ಅವಳು ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದಳೆಂದು ಒಂದು ಪಾಲು ಕಳೆದು ಲೆಕ್ಕ ಹಾಕುತ್ತಾರೆ. ಕಾನೂನು ಇನ್ನೇನು ತಾನೇ ಮಾಡೀತು? ಆದರೆ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದವಳ ಸಂಪಾದನೆಗೆ ಅವಳ ಮಕ್ಕಳು ಪುರಾವೆ ಎಲ್ಲಿಂದ ತರಬೇಕು? ಮೊಳ ಹಾಕಿದ ಮಲ್ಲಿಗೆಗೆ ಯಾರು ರಸೀದಿ ಕೊಟ್ಟಿದ್ದರು? ಎಫ್‌ಸಿ ಮುಗಿದಿತ್ತೆಂದು ಇನ್ಶೂರೆನ್ಸಿನವರು ತಕರಾರು ತೆಗೆದರೆ, ವಾಯಿದೆಯ ಮೇಲೆ ವಾಯಿದೆ ಬೀಳುತ್ತಾ ಹೋದರೆ, ಆ ಮಕ್ಕಳು ಅಜ್ಜಿಯ ಕೈಹಿಡಿದು ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇರಬೇಕು. ಕ್ಯಾಬಿನ್ನಿನಲ್ಲಿ ನಿದ್ದೆಹೋಗಿದ್ದ ಕ್ಲೀನರ್ ಹುಡುಗನ ಪರವಾಗಿ ಕೇಳುವವರಂತೂ ಕಾಣುವುದಿಲ್ಲ. 'ಇನ್ಶೂರೆನ್ಸ್ ಕೊಡುತ್ತೆ ಬಿಡಿ' ಎಂದು ನೀವು ಸಮಾಧಾನ ಮಾಡಿಕೊಳ್ಳುತ್ತೀರಿ. ಕೊಡಲಿ. ಲೈನರ್ ಸವೆದಿದ್ದು ಆಗಲೂ ನಿಮಗೆ ಗೊತ್ತಿತ್ತು, ಈಗಲೂ ಗೊತ್ತಿದೆ.

ಮೇಸ್ತ್ರಿಗಳೇ, ಸಾಕ್ಷಿಗೆ ಕರೆದಾಗ ಆ ಬ್ರೇಕ್ ಡ್ರಮ್ಮಿನೊಳಗೆ ಕಂಡದ್ದನ್ನು ಹೇಳಿ. ನಿರೀಕ್ಷಕರೇ, ಚಕ್ರ ಬಿಚ್ಚಿಸಿ ನೋಡಿದ ಮೇಲೆ ಆ ಸಾಲು ಬರೆಯಿರಿ. ಮಾಲು ಹೇರುವವರೇ, ಟಾರ್ಪಾಲು ಬಿಗಿಯುವ ಮುನ್ನ ಒಮ್ಮೆ ಬಗ್ಗಿ ಟೈರ್ ನೋಡಿ. ಮಾಲೀಕರೇ, ನಾಳೆ ಬೆಳಿಗ್ಗೆ ನಿಮ್ಮ ಡ್ರೈವರ್ 'ಅಣ್ಣಾ, ಬ್ರೇಕ್ ಸರಿಯಿಲ್ಲ' ಎಂದರೆ, ಲೋಡು ತಡವಾದರೂ ಆಗಲಿ, ಗಾಡಿಯನ್ನು ಗ್ಯಾರೇಜಿಗೆ ಕಳಿಸಿ.