ಜೇಬಿನೊಳಗಿನ ಕಚೇರಿ

ಸಂಗೀತವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದ್ದಲ್ಲ. 1954ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ರೀಜೆನ್ಸಿ ಟ್ರಾನ್ಸಿಸ್ಟರ್ ರೇಡಿಯೊ ಆ ಆಸೆಯ ಮೊಳಕೆ. ಆದರೆ ಅದು ನುಡಿಸಿದ್ದನ್ನು ನಾವು ಕೇಳಬೇಕಾಗಿತ್ತೇ ಹೊರತು, ನಾವು ಬಯಸಿದ್ದನ್ನು ಅದು ನುಡಿಸುತ್ತಿರಲಿಲ್ಲ. 1979ರಲ್ಲಿ ಬಂದ ಸೋನಿ ವಾಕ್‌ಮನ್ ಆ ಕೊರತೆಯನ್ನು ನೀಗಿತು. 2001ರ ಐಪಾಡ್ ಸಾವಿರ ಹಾಡುಗಳನ್ನು ಅಂಗೈಯೊಳಗೆ ತಂದಿರಿಸಿತು. 2022ರಲ್ಲಿ ಅದರ ಕಥೆಯೂ ಮುಗಿಯಿತು. ಫೋನೇ ಹಾಡುತ್ತಿರುವಾಗ ಬೇರೊಂದು ಯಂತ್ರವೇಕೆ ಎಂದು ಲೋಕ ಕೇಳತೊಡಗಿತ್ತು.

ಪ್ರಶ್ನೆ ಸಮಂಜಸವಾದುದೇ. ಬಸ್ಸಿನಲ್ಲಿ ಅರ್ಧ ಗಂಟೆ ಚಿತ್ರಗೀತೆ ಕೇಳುವ ತರುಣನಿಗೆ ಫೋನು ಧಾರಾಳವಾಗಿ ಸಾಕು. ಆತ ಈ ಅಂಕಣವನ್ನು ಇಲ್ಲಿಗೇ ಬಿಟ್ಟು ಧಾರಾವಾಹಿಯ ಪುಟಕ್ಕೆ ಹೋಗಬಹುದು. ಆದರೆ ತೋಡಿಯ ಆಲಾಪನೆ ತಾರಸ್ಥಾಯಿಯನ್ನು ಮುಟ್ಟುತ್ತಿರುವಾಗ ಸಾಲ ಬೇಕೇ ಎಂದು ವಿಚಾರಿಸುವ ಕರೆ ನಡುವೆ ನುಗ್ಗುವುದನ್ನು ಸಹಿಸದವರಿದ್ದಾರೆ. ಗಾಜಿನ ಪರದೆಯ ಮೇಲೆ ಬೆರಳು ಎಲ್ಲಿಡಬೇಕೆಂದು ತಿಳಿಯದ ಹಿರಿಯರಿದ್ದಾರೆ. ಬೇರೆ ಯಂತ್ರದ ಯೋಚನೆ ಇವರಿಗಾಗಿ.

ನನ್ನ ಸಹೋದ್ಯೋಗಿಯೊಬ್ಬರ ತಂದೆ ನಿವೃತ್ತ ಮುಖ್ಯೋಪಾಧ್ಯಾಯರು. ಎಪ್ಪತ್ತೆಂಟರ ವಯಸ್ಸು, ದೃಷ್ಟಿ ಮಂದ. ಪತ್ನೀವಿಯೋಗದ ಅನಂತರ ಅವರಿಗೆ ಸಂಜೆಯ ಹೊತ್ತು ಕಳೆಯುವುದೇ ದುಸ್ತರವಾಯಿತು. 2017ರಲ್ಲಿ ಸರಿಗಮ ಸಂಸ್ಥೆ ಹೊರತಂದ ‘ಕಾರವಾನ್’ ಎಂಬ, ಹಳೆಯ ರೇಡಿಯೊವಿನ ರೂಪದ ಪೆಟ್ಟಿಗೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಐದು ಸಾವಿರ ಹಾಡುಗಳನ್ನು ಮೊದಲೇ ತುಂಬಿಸಿಟ್ಟು, ತಿರುಗಿಸಲು ದೊಡ್ಡ ಗುಂಡಿಗಳನ್ನಿಟ್ಟ ಈ ಯಂತ್ರ ವೃದ್ಧರಿಗೆ ಹೇಳಿ ಮಾಡಿಸಿದಂತಿದೆ. ಮಗ ಅಂಥದೊಂದನ್ನು ತಂದುಕೊಟ್ಟರು. ತಂದೆ ನಾಲ್ಕು ದಿನ ಶ್ರದ್ಧೆಯಿಂದ ಕೇಳಿ ಐದನೆಯ ದಿನ, “ಇದರೊಳಗೆ ಎಲ್ಲರೂ ಹಾಡುತ್ತಾರಪ್ಪಾ, ನಿಮ್ಮಮ್ಮ ಮಾತ್ರ ಹಾಡುವುದಿಲ್ಲ” ಎಂದರಂತೆ.

ಆಕೆ ಒಂದು ನವರಾತ್ರಿಯಲ್ಲಿ ಗೊಂಬೆಗಳ ಮುಂದೆ ಕುಳಿತು ಹಾಡಿದ ದೇವರನಾಮಗಳ ಕ್ಯಾಸೆಟ್ಟೊಂದು ಬೀರುವಿನಲ್ಲಿತ್ತು. ನುಡಿಸುವ ಯಂತ್ರ ಕೆಟ್ಟು ವರ್ಷಗಳಾಗಿದ್ದವು. ಮಗ ಎಲ್ಲಿಂದಲೋ ಒಂದು ಹಳೆಯ ಟೇಪ್‌ರೆಕಾರ್ಡರನ್ನು ಎರವಲು ತಂದು, ತಂತಿಯ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಆ ಧ್ವನಿಯನ್ನು ಇಳಿಸಿಕೊಂಡರು. ಇದರಲ್ಲಿ ಅವಸರ ನಡೆಯುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಬೇಕೇ ಬೇಕು. ಪೆಟ್ಟಿಗೆಯಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿ ಇದ್ದದ್ದರಿಂದ ಅಂದಿನ ಸಂಜೆಯೇ ಅಮ್ಮ ಹಾಡಿದರು. ನಡುವೆ ಕುಕ್ಕರಿನ ಸೀಟಿ, ಯಾವುದೋ ಮಗುವಿನ ಅಳು. ಮುದುಕರು ಆ ಸೀಟಿಯನ್ನೂ ಬಿಡದೆ ಕೇಳುತ್ತಾರಂತೆ.

ಇಂಥ ಕ್ಯಾಸೆಟ್ಟು ನಿಮ್ಮ ಮನೆಯಲ್ಲಿದ್ದರೆ ತಡಮಾಡಬೇಡಿ. ಟೇಪಿನ ಮೇಲಿನ ಲೇಪ ಕಾಲಕ್ರಮದಲ್ಲಿ ಉದುರುತ್ತದೆ. ಇಳಿಸಿದ್ದನ್ನು ಎರಡು ಕಡೆ ಕಾದಿರಿಸಿ. ಕೊಳ್ಳುವ ಯಂತ್ರಕ್ಕೆ ನಿಮ್ಮದೇ ಕಡತಗಳನ್ನು ಸೇರಿಸಲು ಮೆಮೊರಿ ಕಾರ್ಡಿನದೋ ಪೆನ್‌ಡ್ರೈವಿನದೋ ಕಿಂಡಿ ಇರಲೇಬೇಕು. ತಿಂಗಳ ಚಂದಾ ಕಟ್ಟಿ ಕೇಳುವ ಸಂಗೀತ ಬಾಡಿಗೆಯ ಮನೆಯಿದ್ದಂತೆ. ಚಂದಾ ನಿಂತ ದಿನ ಬಾಗಿಲು ಮುಚ್ಚುತ್ತದೆ.

ಇನ್ನು ಲೆಕ್ಕಾಚಾರ. ಸಿ.ಡಿ.ಯ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ಬೇಕು. ಏನನ್ನೂ ಕಳೆಯದೆ ಮಡಿಸಿಡುವ ‘ಫ್ಲ್ಯಾಕ್’ ವಿಧಾನದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಿವಿಗೆ ಅಷ್ಟಾಗಿ ತಿಳಿಯದ್ದನ್ನು ಕಳೆದುಬಿಡುವ ಎಂಪಿ3ಯಲ್ಲಿ, ಸಾಧಾರಣ ದರ್ಜೆಗೆ, ನಿಮಿಷಕ್ಕೆ 1 ಎಂ.ಬಿ. ಸಾಕು. 32 ಜಿ.ಬಿ.ಯ ಪುಟ್ಟ ಕಾರ್ಡಿನಲ್ಲಿ ಇಂಥ ಎಂಪಿ3 ಐದುನೂರು ಗಂಟೆಗೂ ಮಿಕ್ಕಿ ಹಿಡಿಸುತ್ತದೆ, ಫ್ಲ್ಯಾಕ್ ಸುಮಾರು ನೂರು ಗಂಟೆ. ನೂರು ಗಂಟೆಯೆಂದರೆ ಮೂರು ತಾಸಿನ ಮೂವತ್ತಮೂರು ಕಚೇರಿಗಳು! ಇದಕ್ಕಿಂತ ಹೆಚ್ಚಿನ ಜಾಗಕ್ಕೆ ಹಣ ಸುರಿಯುವವರು ಕೇಳುವುದಕ್ಕಿಂತ ಕೂಡಿಡುವುದರಲ್ಲೇ ಸುಖ ಕಾಣುವವರೆಂದು ನನ್ನ ಅನುಮಾನ. ದುಬಾರಿ ಯಂತ್ರ ಕೊಂಡು, ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವುದೂ ಅಂಥದೇ ವ್ಯಾಪಾರ. ಬ್ಲೂಟೂತ್ ಸಾಮಾನ್ಯವಾಗಿ ಧ್ವನಿಯನ್ನು ಮತ್ತೆ ಹಿಂಡಿಯೇ ಕಳುಹಿಸುತ್ತದೆ. ಆ ಹಣದಲ್ಲಿ ಒಳ್ಳೆಯ ತಂತಿಯ ಹೆಡ್‌ಫೋನು ಕೊಳ್ಳುವುದು ಮೇಲು.

ಶಾಸ್ತ್ರೀಯ ಸಂಗೀತದ ರಸಿಕರು ಮತ್ತೊಂದನ್ನು ಗಮನಿಸಬೇಕು. ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಕಡತಗಳಾಗಿ ಕತ್ತರಿಸಿದ್ದರೆ ಕೆಲವು ಯಂತ್ರಗಳು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕ್ಷಣಕಾಲ ಮೌನ ತಾಳುತ್ತವೆ. ತಂಬೂರಿಯ ಶ್ರುತಿ ಹೀಗೆ ಕಡಿದರೆ ಮೈ ಜುಮ್ಮೆನ್ನುತ್ತದೆ. ‘ಗ್ಯಾಪ್‌ಲೆಸ್’ ಸೌಲಭ್ಯವುಂಟೇ ಎಂದು ಕೇಳಿ. ಉತ್ತರವನ್ನು ನಂಬದೆ ನಿಮ್ಮದೇ ಕಾರ್ಡನ್ನು ಒಯ್ದು ಅಂಗಡಿಯಲ್ಲೇ ನುಡಿಸಿ ನೋಡಿ. ಕನ್ನಡದಲ್ಲಿ ಹೆಸರಿಟ್ಟ ಕಡತವೊಂದೂ ಅದರಲ್ಲಿರಲಿ. ಕೆಲವು ಸಣ್ಣ ಯಂತ್ರಗಳಿಗೆ ನಮ್ಮ ಲಿಪಿ ಬಾರದು. ಪುರಂದರದಾಸರಿದ್ದ ಕಡೆ ಸಾಲಾಗಿ ಚೌಕಗಳು ಮೂಡುತ್ತವೆ.

ಮನೆಯ ಹುಡುಗರಿಗಾಗಿ ಕೊಳ್ಳುವವರು ಧ್ವನಿಗೆ ಮೇಲ್ಮಿತಿ ಕಟ್ಟುವ ಸೌಲಭ್ಯವಿರುವ ಯಂತ್ರವನ್ನೇ ಆರಿಸಲಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ಗೆರೆ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಮಕ್ಕಳಿಗೆ ಇನ್ನೂ ಕಡಿಮೆ. ಬಸ್ಸಿನ ಗದ್ದಲವನ್ನು ಮೀರಿಸಲೆಂದು ಹುಡುಗರು ಧ್ವನಿ ಏರಿಸುತ್ತಾರೆ, ಇಳಿಸಲು ಮರೆಯುತ್ತಾರೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವಕ್ಕೆ ಬಿಡಿಭಾಗ ಮಾರುವ ಅಂಗಡಿ ಎಲ್ಲೂ ಇಲ್ಲ.